ಗುರು ಗ್ರಂಥ ಸಾಹಿಬ್ ಪ್ರಕಾಶ್ ಪುರಬ್‌ಗೆ ಹೊರಟವರಿಗೆ: ಹೇಗೆ ಹೋಗಬೇಕು, ಏನು ಗಮನಿಸಬೇಕು

ಅಮೃತಸರಕ್ಕೆ ಹೋಗಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸ್ವರ್ಣಮಂದಿರದ ಮುಂದೆ ಫೋಟೋ, ಲಂಗರ್‌ನಲ್ಲಿ ಊಟ, ಸಂಜೆ ವಾಘಾ ಗಡಿ, ಅಲ್ಲಿಗೆ ಮುಗೀತು. ಆ ಚಿನ್ನದ ಕಟ್ಟಡದ ಒಳಗೆ ಏನಿದೆ ಅಂತ ಕೇಳಿದರೆ ಮಾತ್ರ ತುಂಬಾ ಜನ ತಡವರಿಸುತ್ತಾರೆ. ಅಲ್ಲಿ ವಿಗ್ರಹ ಇಲ್ಲ. ಒಂದು ಗ್ರಂಥ ಇದೆ. ಸಿಖ್ಖರಿಗೆ ಅದೇ ಗುರು, ಇವತ್ತಿಗೂ ಜೊತೆಗಿರುವ ಗುರು. ವರ್ಷಕ್ಕೊಮ್ಮೆ ಆ ಗ್ರಂಥದ ಹಬ್ಬ ಬರುತ್ತದೆ, ಅದರ ಹೆಸರು ಪ್ರಕಾಶ್ ಪುರಬ್.

ಸಾಧ್ಯವಾದರೆ ಆ ದಿನವೇ ಹೋಗಿ. ದೇವರು ಒಬ್ಬನೇ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಮಾತನ್ನು ಒಂದು ಇಡೀ ದಿನದ ನಡವಳಿಕೆಯಾಗಿ ಮಾಡಿಟ್ಟಿರುವುದನ್ನು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ: ಎಲ್ಲಿ ಕೂರುತ್ತೀರಿ, ಯಾರ ಪಕ್ಕ ಉಣ್ಣುತ್ತೀರಿ, ಯಾರ ಹಾಡಿಗೆ ತಲೆ ಬಾಗುತ್ತೀರಿ ಅನ್ನುವ ಒಂದೊಂದರಲ್ಲೂ ಅದೇ ಮಾತು ಇದೆ. ಹೋಗುವ ಮುಂಚೆ ಸ್ವಲ್ಪ ತಯಾರಿ ಬೇಕು, ಅಷ್ಟೇ.

ಮೊದಲು ದಿನ ನೋಡಿಕೊಳ್ಳಿ

ಹಳೆಯ ಪಂಚಾಂಗದ ಲೆಕ್ಕದಲ್ಲಿ ಇದು ಭಾದ್ರಪದ ಶುದ್ಧ ಪಾಡ್ಯ. ನಮಗೆ ಸುಲಭವಾಗಿ ನೆನಪಿರಬೇಕೆಂದರೆ ಗಣೇಶ ಚೌತಿಗೆ ಎರಡು ಮೂರು ದಿನ ಮುಂಚೆ. 2024ರಲ್ಲಿ ಸೆಪ್ಟೆಂಬರ್ 4ಕ್ಕೆ ಬಂದಿತ್ತು, 2025ರಲ್ಲಿ ಆಗಸ್ಟ್ 24ಕ್ಕೆ. ಸಿಖ್ಖರದೇ ಆದ ನಾನಕ್‌ಶಾಹಿ ಕ್ಯಾಲೆಂಡರನ್ನು ಅದರ ಮೊದಲ ರೂಪದಲ್ಲೇ ಪಾಲಿಸುವವರು ಪ್ರತಿವರ್ಷ ಸೆಪ್ಟೆಂಬರ್ 1ಕ್ಕೆ ಆಚರಿಸುತ್ತಾರೆ. ಹಾಗಾಗಿ ಟಿಕೆಟ್ ಬುಕ್ ಮಾಡುವ ಮುಂಚೆ ನೀವು ಹೋಗಬೇಕೆಂದಿರುವ ಗುರುದ್ವಾರದಲ್ಲೇ ಫೋನ್ ಮಾಡಿ ಕೇಳಿ. ಗೌರಿ ಹಬ್ಬಕ್ಕೆ ಮನೆಯಲ್ಲಿರಲೇಬೇಕಾದವರು ವಾಪಸ್ ಟಿಕೆಟನ್ನು ಮೊದಲು ನೋಡಿಕೊಂಡು ಆಮೇಲೆ ಹೋಗುವ ಟಿಕೆಟ್ ತೆಗೆಸುವುದು ಒಳ್ಳೆಯದು. ದೆಹಲಿಯಿಂದ ಅಮೃತಸರಕ್ಕೆ ಶತಾಬ್ದಿಯಲ್ಲಿ ಸುಮಾರು ಆರು ಗಂಟೆ. ಆ ತಿಂಗಳಲ್ಲಿ ಅಲ್ಲಿ ಸೆಕೆ ಜಾಸ್ತಿ, ಹತ್ತಿ ಬಟ್ಟೆ ಇಟ್ಟುಕೊಳ್ಳಿ.

ಹೋಗುವ ಮುಂಚೆ ಇಷ್ಟು ತಿಳಿದಿರಲಿ

ಐದನೆಯ ಗುರು ಅರ್ಜನ್ ದೇವ್ ಅವರು ಅಮೃತಸರದ ರಾಮಸರ್ ಕೊಳದ ದಡದಲ್ಲಿ ಕೂತು ಗ್ರಂಥವನ್ನು ಸಂಕಲಿಸಿದರು. ಅವರು ಹೇಳಿದ್ದನ್ನು ಬರೆದುಕೊಂಡವರು ಭಾಯಿ ಗುರುದಾಸ್. 1604ರಲ್ಲಿ ಕೆಲಸ ಮುಗಿದ ಮೇಲೆ ಗ್ರಂಥವನ್ನು ಹರ್‌ಮಂದಿರ್ ಸಾಹಿಬ್‌ಗೆ, ಅಂದರೆ ನಾವು ಸ್ವರ್ಣಮಂದಿರ ಅನ್ನುವ ಜಾಗಕ್ಕೆ ತಂದರು. ವಯಸ್ಸಾದ ಬಾಬಾ ಬುಡ್ಢಾ ಅವರು ಗ್ರಂಥವನ್ನು ತಲೆಯ ಮೇಲೆ ಹೊತ್ತು ನಡೆದರು, ಗುರುಗಳು ಹಿಂದೆ ಚಾಮರ ಬೀಸುತ್ತಾ ಬಂದರು ಎಂದು ಸಂಪ್ರದಾಯ ಹೇಳುತ್ತದೆ. ಆ ರಾತ್ರಿ ಗ್ರಂಥ ಮಂಚದ ಮೇಲೆ, ಗುರುಗಳು ಪಕ್ಕದಲ್ಲಿ ನೆಲದ ಮೇಲೆ ಮಲಗಿದರಂತೆ. ಗ್ರಂಥವನ್ನು ಓದಿ ನೋಡಿಕೊಳ್ಳುವವರನ್ನು ಗ್ರಂಥಿ ಅನ್ನುತ್ತಾರೆ, ಮೊದಲ ಗ್ರಂಥಿಯಾಗಿ ನೇಮಕವಾದವರು ಇದೇ ಬಾಬಾ ಬುಡ್ಢಾ. ಈಗ ಆಚರಿಸುವುದು ಗ್ರಂಥ ಹರ್‌ಮಂದಿರ್ ಸಾಹಿಬ್‌ಗೆ ಬಂದ ಆ ದಿನವನ್ನು.

ಮುಂದೆ ಒಂಬತ್ತನೆಯ ಗುರು ತೇಗ್ ಬಹಾದೂರರ ರಚನೆಗಳೂ ಅದರೊಳಗೆ ಸೇರಿದವು. 1708ರಲ್ಲಿ ನಾಂದೇಡಿನಲ್ಲಿ ಹತ್ತನೆಯ ಗುರು ಗೋಬಿಂದ್ ಸಿಂಗ್ ಅವರು ಇನ್ನು ಮುಂದೆ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದು ಹೇಳಿ ಅದಕ್ಕೆ ಗುರುಪಟ್ಟ ಕೊಟ್ಟರು. ಈಗಿರುವ ಗ್ರಂಥಕ್ಕೆ 1430 ಪುಟ. ಪುಟ ಅಂತ ಅವರು ಹೇಳುವುದಿಲ್ಲ, ಅಂಗ್ ಅನ್ನುತ್ತಾರೆ. ಎಲ್ಲ ಪ್ರತಿಗಳಲ್ಲೂ ಅಂಗ್ ಸಂಖ್ಯೆ ಒಂದೇ ಇರುವುದರಿಂದ ಯಾರಾದರೂ '611ನೇ ಅಂಗ್' ಅಂದರೆ ಅಮೃತಸರದಲ್ಲೂ ಬೆಂಗಳೂರಿನಲ್ಲೂ ಅದೇ ಸಾಲುಗಳು ಸಿಗುತ್ತವೆ.

ಇನ್ನು ಆರಂಭದ ಸಾಲು. ಇದನ್ನು ಮೂಲ ಮಂತ್ರ ಅನ್ನುತ್ತಾರೆ. ಬಾಯಿಪಾಠ ಮಾಡಿಕೊಂಡೇ ಹೋಗಿ, ದಿನವಿಡೀ ಕಿವಿಗೆ ಬೀಳುತ್ತದೆ:

ಇಕ್ ಓಂಕಾರ್, ಸತಿ ನಾಮು, ಕರತಾ ಪುರಖು, ನಿರಭಉ, ನಿರವೈರು, ಅಕಾಲ ಮೂರತಿ, ಅಜೂನೀ, ಸೈಭಂ, ಗುರ ಪ್ರಸಾದಿ.

ಕನ್ನಡದವರಿಗೆ ಅರ್ಧ ಆಗಲೇ ಅರ್ಥವಾಗಿರುತ್ತದೆ, ಅಲ್ವಾ? ಇರುವುದು ಒಂದೇ, ಅದರ ಹೆಸರು ಸತ್ಯ, ಎಲ್ಲವನ್ನೂ ಮಾಡಿದ್ದು ಅದೇ, ಅದಕ್ಕೆ ಭಯವಿಲ್ಲ, ಯಾರ ಮೇಲೂ ಹಗೆಯಿಲ್ಲ, ಕಾಲಕ್ಕೆ ಸಿಗುವುದಿಲ್ಲ, ಹುಟ್ಟಿ ಬರುವುದಿಲ್ಲ, ತನ್ನಿಂದ ತಾನೇ ಇದೆ, ಗುರುವಿನ ಕೃಪೆಯಿಂದ ತಿಳಿಯುತ್ತದೆ. ಗ್ರಂಥ ಶುರುವಾಗುವುದೇ 1 ಅನ್ನುವ ಅಂಕಿಯಿಂದ. ಅಕ್ಷರದಲ್ಲಿ 'ಒಂದು' ಅಂತ ಬರೆದಿಲ್ಲ, ಅಂಕಿಯನ್ನೇ ಇಟ್ಟಿದ್ದಾರೆ. ಗುರುದ್ವಾರದ ಗೋಡೆ, ವಾಹನ ಎಲ್ಲ ಕಡೆ ನೀವು ನೋಡಿರುವ ಆ 'ಇಕ್ ಓಂಕಾರ್' ಗುರುತಿನ ಎಡಭಾಗ ಗುರುಮುಖಿಯ 1.

ನನಗೆ ಈ ಸಾಲಿನಲ್ಲಿ ಅತಿ ಮುಖ್ಯ ಅನ್ನಿಸುವುದು 'ನಿರಭಉ, ನಿರವೈರು'. ಎರಡನೆಯದು ಅಂತ ಒಂದಿದ್ದರೆ ತಾನೇ ಹೆದರಬೇಕು, ಹಗೆ ಸಾಧಿಸಬೇಕು? ಇರುವುದೇ ಒಂದಾದರೆ ಎರಡಕ್ಕೂ ಜಾಗವಿಲ್ಲ. ನನ್ನ ದೇವರು ದೊಡ್ಡವನು, ನಿನ್ನದು ಚಿಕ್ಕದು ಅನ್ನುವ ಜಗಳಕ್ಕೂ ಜಾಗವಿಲ್ಲ. ನಮ್ಮದು ಮಾತ್ರ ನಿಜ ಅಂತ ಪಟ್ಟು ಹಿಡಿಯಲು ಈ 'ಒಂದು' ಬಳಕೆಗೆ ಬರುವುದಿಲ್ಲ.

ಅದಕ್ಕೆ ಸಾಕ್ಷಿ ಗ್ರಂಥದ ಒಳಗೇ ಇದೆ. ಆರು ಗುರುಗಳ ರಚನೆಗಳ ಜೊತೆಗೆ ಹದಿನೈದು ಭಗತರ, ಅಂದರೆ ಭಕ್ತ ಸಂತರ ಹಾಡುಗಳು ಅಲ್ಲಿವೆ. ನೇಕಾರ ಕಬೀರ, ಚರ್ಮದ ಕೆಲಸದ ರವಿದಾಸ, ಕ್ಷೌರಿಕ ಸೈನ, ಬೇಸಾಯದ ಧನ್ನಾ, ಕಟುಕ ಸಧನಾ, ರಾಜನಾಗಿದ್ದ ಪೀಪಾ, ಮಹಾರಾಷ್ಟ್ರದ ನಾಮದೇವ, ಸೂಫಿ ಸಂತ ಶೇಖ್ ಫರೀದ್. ಕಬೀರನವು ಐನೂರಕ್ಕೂ ಜಾಸ್ತಿ ಇವೆ. ಇವರಲ್ಲಿ ಕೆಲವರು ಗುರು ನಾನಕರಿಗಿಂತ ಶತಮಾನಗಳ ಹಿಂದಿನವರು, ಸಿಖ್ಖರಲ್ಲ. ಅವರ ಹಾಡುಗಳನ್ನು ಅನುಬಂಧ ಅಂತ ಕೊನೆಗೆ ತಳ್ಳಿಲ್ಲ. ಎಷ್ಟೋ ರಾಗಗಳಲ್ಲಿ ಗುರುಗಳ ಶಬದ್, ಅಂದರೆ ಹಾಡು, ಆದ ಮೇಲೆ ಅದೇ ರಾಗದಲ್ಲಿ ಭಗತರದ್ದು ಬರುತ್ತದೆ. ಹಾಗಾಗಿ ಆ ಗ್ರಂಥಕ್ಕೆ ಹಣೆ ಹಚ್ಚುವವರು, ಯಾವ ಜಾತಿಯಲ್ಲಿ ಹುಟ್ಟಿದ್ದರೂ ಸರಿ, ರವಿದಾಸರ ಮಾತಿಗೂ ಫರೀದರ ಮಾತಿಗೂ ಹಣೆ ಹಚ್ಚುತ್ತಿದ್ದಾರೆ. 1604ರಲ್ಲಿ ಮಾಡಿದ ಕೆಲಸ ಇದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಬಟ್ಟೆ, ತಲೆ, ಕಾಲು

ತಲೆ ಮುಚ್ಚಲೇಬೇಕು, ಗಂಡಸರಾಗಲಿ ಹೆಂಗಸರಾಗಲಿ ಮಕ್ಕಳಾಗಲಿ. ಸೀರೆ ಉಟ್ಟವರಿಗೆ ಸೆರಗು ಸಾಕು, ಜಾರುತ್ತಿದ್ದರೆ ಪಿನ್ ಹಾಕಿಕೊಳ್ಳಿ. ಚೂಡಿದಾರಕ್ಕೆ ದುಪಟ್ಟಾ. ಗಂಡಸರು ದೊಡ್ಡ ಕರ್ಚೀಫು ಕಟ್ಟಿಕೊಳ್ಳಿ, ಕ್ರಿಕೆಟ್ ಟೋಪಿ ಬೇಡ. ಮರೆತು ಹೋಗಿದ್ದರೆ ಬಾಗಿಲಲ್ಲಿ ಬಟ್ಟೆ ಇಟ್ಟಿರುತ್ತಾರೆ. ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಯಾವುದೂ ಜೇಬಿನಲ್ಲಾಗಲಿ ಬ್ಯಾಗಿನಲ್ಲಾಗಲಿ ಇರಕೂಡದು, ಇದರಲ್ಲಿ ರಿಯಾಯಿತಿ ಇಲ್ಲ. ಚಪ್ಪಲಿ ಬಿಡುವ ಜಾಗವನ್ನು ಜೋಡಾ ಘರ್ ಅನ್ನುತ್ತಾರೆ. ಅಲ್ಲಿ ನಿಮ್ಮ ಚಪ್ಪಲಿ ಎತ್ತಿಟ್ಟು ಟೋಕನ್ ಕೊಡುವವರು ಹೆಚ್ಚಾಗಿ ಸಂಬಳದ ಕೆಲಸದವರಲ್ಲ, ಸೇವೆಗೆ ಬಂದವರು. ಎರಡೂ ಕೈಯಿಂದ ಕೊಡಿ.

ನಮ್ಮ ಕಡೆಯ ಹೆಣ್ಣುಮಕ್ಕಳು ಕೇಳಲು ಹಿಂಜರಿಯುವ ಒಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಮುಟ್ಟಿನ ದಿನ ಅಂತ ಹೊರಗೆ ಉಳಿಯಬೇಕಾಗಿಲ್ಲ. ಸೂತಕ, ಮೈಲಿಗೆಯ ನಂಬಿಕೆಯನ್ನು ಗುರು ನಾನಕರೇ 'ಆಸಾ ದಿ ವಾರ್' ಅನ್ನುವ ತಮ್ಮ ರಚನೆಯಲ್ಲಿ ತಳ್ಳಿಹಾಕಿದ್ದಾರೆ. ನಿಶ್ಚಿಂತೆಯಿಂದ ಒಳಗೆ ಹೋಗಿ.

ಬೆಳಗ್ಗೆ ರಾಮಸರ್‌ನಿಂದ ಶುರು ಮಾಡಿ

ತುಂಬಾ ಜನ ಸೀದಾ ಸ್ವರ್ಣಮಂದಿರಕ್ಕೆ ಹೋಗಿ ಕ್ಯೂನಲ್ಲಿ ನಿಲ್ಲುತ್ತಾರೆ. ಈ ದಿನ ಹಾಗೆ ಮಾಡಬೇಡಿ. ಗ್ರಂಥ ಬರೆದು ಮುಗಿಸಿದ ಜಾಗದಲ್ಲಿ ಈಗ ಗುರುದ್ವಾರಾ ರಾಮಸರ್ ಸಾಹಿಬ್ ಇದೆ, ಸ್ವರ್ಣಮಂದಿರದಿಂದ ನಡೆದೇ ಹೋಗಬಹುದು. ಅಲ್ಲಿಂದ ಬೆಳಗ್ಗೆ ನಗರ ಕೀರ್ತನ್, ಅಂದರೆ ಹಾಡುತ್ತಾ ಸಾಗುವ ಮೆರವಣಿಗೆ ಹೊರಡುತ್ತದೆ. 1604ರ ಆ ನಡಿಗೆಯನ್ನೇ ಊರಿಗೆ ಊರೇ ಸೇರಿ ಮತ್ತೆ ನಡೆಯುತ್ತದೆ. ಮುಂದೆ ಪಂಜ್ ಪ್ಯಾರೆ, ಅಂದರೆ 'ಐವರು ಪ್ರಿಯರು' ಅನ್ನಿಸಿಕೊಳ್ಳುವ ಐದು ಜನ, ಅವರ ಹಿಂದೆ ಹೂವಿನಿಂದ ಸಿಂಗರಿಸಿದ ಪಲ್ಲಕ್ಕಿಯಲ್ಲಿ ಗುರು ಗ್ರಂಥ ಸಾಹಿಬ್, ಚಾಮರ ಬೀಸುವವರು, ಶಬದ್ ಹಾಡುತ್ತಾ ಬರುವ ಜನ. ಪಲ್ಲಕ್ಕಿ ಬರುವ ಮುಂಚೆ ಒಂದು ಗುಂಪು ರಸ್ತೆ ಗುಡಿಸುತ್ತಾ, ನೀರು ಚಿಮುಕಿಸುತ್ತಾ ಹೋಗುತ್ತದೆ. ಪೊರಕೆ ಹಿಡಿದವರನ್ನು ಸರಿಯಾಗಿ ನೋಡಿ. ಗಡ್ಡ ಬೆಳ್ಳಗಾದ ಹಿರಿಯರು, ಕಾಲೇಜು ಹುಡುಗಿಯರು, ಒಳ್ಳೆಯ ಬಟ್ಟೆ ಹಾಕಿಕೊಂಡ ವ್ಯಾಪಾರಸ್ಥರು, ಎಲ್ಲರೂ ಬರಿಗಾಲಲ್ಲಿ.

ಜೊತೆಗೆ ನಡೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಪಲ್ಲಕ್ಕಿಗೆ ಅಡ್ಡ ಬರಬೇಡಿ, ಸೆಲ್ಫಿಗೆ ಅಂತ ಅದಕ್ಕೆ ಬೆನ್ನು ಮಾಡಿ ನಿಲ್ಲಬೇಡಿ. ದಾರಿಯಲ್ಲಿ ಯಾರಾದರೂ ನೀರೋ ಪ್ರಸಾದವೋ ಕೊಟ್ಟರೆ ತೆಗೆದುಕೊಳ್ಳಿ. ಮಾತಾಡಿಸಬೇಕಾದರೆ ಗಂಡಸರಿಗೆ 'ವೀರ್ ಜೀ', ಹೆಂಗಸರಿಗೆ 'ಭೈಣ್ ಜೀ', ವಯಸ್ಸಾದವರಿಗೆ 'ಮಾತಾ ಜೀ', 'ಬಾಬಾ ಜೀ' ಅನ್ನಿ. 'ಸತ್ ಶ್ರೀ ಅಕಾಲ್' ಅಂದರೆ ಸಾಕು, ಮುಖ ಅರಳುತ್ತದೆ.

ಒಳಗೆ ಹೋದಾಗ

ಹರ್‌ಮಂದಿರ್ ಸಾಹಿಬ್‌ಗೆ ನಾಲ್ಕು ದಿಕ್ಕಿಗೂ ಬಾಗಿಲಿದೆ, ಯಾವ ಕಡೆಯಿಂದ ಬಂದವರೂ ಬರಲಿ ಅಂತ. ಅದಕ್ಕೆ ಹೋಗಬೇಕೆಂದರೆ ಮೆಟ್ಟಿಲು ಹತ್ತುವುದಲ್ಲ, ಇಳಿಯಬೇಕು. ಈ ಹಬ್ಬದ ದಿನ ಇಡೀ ಆವರಣಕ್ಕೆ ಹೂವಿನ ಅಲಂಕಾರ ಇರುತ್ತದೆ, ಜಲಾವ್ ಅಂತ ಹಳೆಯ ಕಾಲದ ಬೆಲೆಬಾಳುವ ವಸ್ತುಗಳನ್ನೂ ಹೊರಗಿಡುತ್ತಾರೆ. ಕ್ಯೂ ಉದ್ದ ಇರುತ್ತದೆ. ತಾಳ್ಮೆಯಿಂದ ನಿಂತುಕೊಂಡು ಕಿವಿಯನ್ನು ಕೀರ್ತನೆಗೆ ಕೊಡಿ.

ಒಳಗೆ ಚಂದೋವಾ ಅನ್ನುವ ಮೇಲ್ಕಟ್ಟಿನ ಕೆಳಗೆ, ಮಂಜೀ ಸಾಹಿಬ್ ಅನ್ನುವ ಪೀಠದ ಮೇಲೆ, ರುಮಾಲಾ ಹೊದಿಸಿದ ಗ್ರಂಥ ಇರುತ್ತದೆ. ಮುಂದೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಿ. ಇದಕ್ಕೆ ಮತ್ಥಾ ಟೇಕ್‌ನಾ ಅನ್ನುತ್ತಾರೆ. ಕಾಣಿಕೆ ಹಾಕುವುದಾದರೆ ಗೋಲಕದಲ್ಲಿ ಹಾಕಿ, ಹಾಕದಿದ್ದರೂ ಯಾರೂ ನೋಡುವುದಿಲ್ಲ. ಗ್ರಂಥವನ್ನು ಮುಟ್ಟಲು ಹೋಗಬೇಡಿ. ಆರತಿ ತಟ್ಟೆ, ತೀರ್ಥ, ಅರ್ಚನೆ ಚೀಟಿ, ವಿಶೇಷ ದರ್ಶನದ ಸಾಲು ಇವೆಲ್ಲ ಹುಡುಕಬೇಡಿ, ಇಲ್ಲ. ಫೋಟೋ ತೆಗೆಯುವ ಹಾಗಿಲ್ಲ, ಮೊಬೈಲು ಜೇಬಿನಲ್ಲೇ ಇರಲಿ.

ಹರ್‌ಮಂದಿರ್ ಸಾಹಿಬ್ ಒಳಗೆ ಜಾಗ ಕಡಿಮೆ. ಹೆಚ್ಚು ಹೊತ್ತು ಕೂರಬೇಕೆಂದರೆ ಪರಿಕ್ರಮದಲ್ಲಿ ಕೆರೆಯ ಸುತ್ತ ಎಲ್ಲಿ ಬೇಕಾದರೂ ಕೂರಿ, ಕೀರ್ತನೆ ಎಲ್ಲ ಕಡೆ ಕೇಳಿಸುತ್ತದೆ. ಬೇರೆ ಗುರುದ್ವಾರಗಳ ಹಾಲ್‌ನಲ್ಲಾದರೆ ನೆಲದ ಮೇಲೆ ಕಾಲು ಮಡಚಿ ಕೂರಿ, ಗ್ರಂಥದ ಕಡೆಗೆ ಕಾಲು ಚಾಚಬೇಡಿ. ಮಂಡಿನೋವಿದ್ದವರು ಸೇವಾದಾರರಿಗೆ ಹೇಳಿದರೆ ಹಿಂದೆಯೋ ಪಕ್ಕದಲ್ಲೋ ವ್ಯವಸ್ಥೆ ಮಾಡುತ್ತಾರೆ.

ಹಬ್ಬಕ್ಕೆ ಮುಂಚೆ ಅಖಂಡ ಪಾಠ ಇಟ್ಟಿರುತ್ತಾರೆ. ಇಡೀ ಗ್ರಂಥವನ್ನು ಒಬ್ಬರಾದ ಮೇಲೆ ಒಬ್ಬರು ಪಾಠಿಗಳು, ಎಲ್ಲೂ ನಿಲ್ಲಿಸದೆ, ಸುಮಾರು 48 ಗಂಟೆಯಲ್ಲಿ ಓದಿ ಮುಗಿಸುತ್ತಾರೆ. ಸಾಧ್ಯವಿದ್ದರೆ ಹಿಂದಿನ ರಾತ್ರಿ ಹೋಗಿ ಸ್ವಲ್ಪ ಹೊತ್ತು ಕೂತು ಕೇಳಿ. ಪಾಠಿ ಬದಲಾಗುವ ಗಳಿಗೆಯನ್ನು ನೋಡಬೇಕು. ಹೊಸಬರು ಮೆಲ್ಲಗೆ ಪಕ್ಕಕ್ಕೆ ಬಂದು ಕೂತು, ಓದುತ್ತಿರುವವರ ಜೊತೆಯಲ್ಲೇ ಕೆಲವು ಸಾಲು ದನಿಗೂಡಿಸುತ್ತಾರೆ, ಆಮೇಲೆ ಮೊದಲಿನವರ ದನಿ ನಿಲ್ಲುತ್ತದೆ. ಓದು ಒಂದು ಕ್ಷಣವೂ ಕಡಿಯುವುದಿಲ್ಲ.

ಹುಕಮ್‌ನಾಮಾ ತಪ್ಪಿಸಿಕೊಳ್ಳಬೇಡಿ

ಇಡೀ ದಿನದಲ್ಲಿ ಒಂದೇ ಒಂದನ್ನು ನೋಡಲು ಸಾಧ್ಯ ಅಂತಾದರೆ ಇದನ್ನು ನೋಡಿ ಅನ್ನುತ್ತೇನೆ. ಮೊದಲು ಅರ್ದಾಸ್, ಅಂದರೆ ಪ್ರಾರ್ಥನೆ ಆಗುತ್ತದೆ. ಎಲ್ಲರೂ ಎದ್ದು ಕೈಮುಗಿದು ನಿಲ್ಲುತ್ತಾರೆ, ನೀವೂ ನಿಲ್ಲಿ. ಕೊನೆಯಲ್ಲಿ 'ಸರ್ಬತ್ ದಾ ಭಲಾ' ಅನ್ನುವ ಮಾತು ಬರುತ್ತದೆ. ಎಲ್ಲರಿಗೂ ಒಳ್ಳೆಯದಾಗಲಿ ಅಂತ. ಸಿಖ್ಖರಿಗೆ ಅಂತಿಲ್ಲ, ಎಲ್ಲರಿಗೂ.

ಆಮೇಲೆ ಎಲ್ಲರೂ ಕೂರುತ್ತಾರೆ. ಗ್ರಂಥಿ ರುಮಾಲಾ ಸರಿಸಿ, ಎರಡೂ ಕೈಯಿಂದ ಗ್ರಂಥವನ್ನು ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿ ತೆರೆಯುತ್ತಾರೆ. ಎಡಗಡೆಯ ಅಂಗ್‌ನ ಮೇಲ್ತುದಿಯಲ್ಲಿರುವ ಶಬದ್ ಯಾವುದೋ ಅದನ್ನೇ ಓದಬೇಕು. ಅದು ಹಿಂದಿನ ಅಂಗ್‌ನಲ್ಲಿ ಶುರುವಾಗಿದ್ದರೆ ಒಂದು ಹಾಳೆ ಹಿಂದಕ್ಕೆ ತಿರುವಿ ಮೊದಲಿನಿಂದ ಓದುತ್ತಾರೆ. ಅದೇ ಆ ದಿನದ ಹುಕುಂ, ಗುರುವಿನ ಅಪ್ಪಣೆ. ಯಾರದ್ದು ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗುರು ಅರ್ಜನರದ್ದೇ ಬರಬಹುದು, ಗ್ರಂಥದಲ್ಲಿ ಅವರ ರಚನೆಗಳೇ ಎರಡು ಸಾವಿರಕ್ಕೂ ಜಾಸ್ತಿ ಇವೆ. ಕಬೀರನದ್ದೂ ಬರಬಹುದು, ನಾಮದೇವನದ್ದೂ ಬರಬಹುದು. ಯಾರದ್ದು ಬಂದರೂ ಗುರುವಿನ ಮಾತು ಅಂತಲೇ ಕೇಳುತ್ತಾರೆ. ಮೊದಲ ಪ್ರಕಾಶದ, ಅಂದರೆ ಗ್ರಂಥವನ್ನು ಮೊದಲ ಸಲ ತೆರೆದಿಟ್ಟ ದಿನ ಬಾಬಾ ಬುಡ್ಢಾ ಅವರು ಅದನ್ನು ತೆರೆದಾಗ ಬಂದ ಸಾಲು 'ಸಂತಾ ಕೇ ಕಾರಜಿ ಆಪಿ ಖಲೋಇಆ' ಎಂದು ಸಂಪ್ರದಾಯ ನೆನೆಯುತ್ತದೆ. ಸಂತರ ಕೆಲಸಕ್ಕೆ ದೇವರು ತಾನೇ ಬಂದು ನಿಂತ ಅನ್ನುವುದು ಅದರ ಅರ್ಥ.

ಭಾಷೆ ಅರ್ಥವಾಗದಿದ್ದರೆ ಬೇಜಾರು ಬೇಡ. ಎಷ್ಟೋ ಗುರುದ್ವಾರಗಳಲ್ಲಿ ಆ ದಿನದ ಹುಕಮ್‌ನಾಮಾವನ್ನು ಹೊರಗೆ ಬೋರ್ಡಿನ ಮೇಲೆ ಅರ್ಥದ ಸಮೇತ ಹಾಕಿರುತ್ತಾರೆ. ಪಕ್ಕದಲ್ಲಿದ್ದವರನ್ನು ಕೇಳಿದರೂ ಖುಷಿಯಿಂದ ಹಿಂದಿಯಲ್ಲಿ ಹೇಳುತ್ತಾರೆ.

ಪ್ರಸಾದ, ಲಂಗರ್, ಸೇವೆ

ಕಡಾಹ್ ಪ್ರಸಾದ ಅಂದರೆ ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮಪಾಲು ಹಾಕಿ ಮಾಡಿದ ಬಿಸಿ ಹಲ್ವಾ. ಕೂತಲ್ಲೇ ಎರಡೂ ಅಂಗೈ ಜೋಡಿಸಿ ಚಾಚಿ. ಅಂಗೈಯೆಲ್ಲ ತುಪ್ಪವಾಗುತ್ತದೆ, ಪರವಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರು 'ಥೋಡಾ' ಅಂದರೆ ಚೂರೇ ಚೂರು ಕೊಡುತ್ತಾರೆ. ಬೇಡ ಅಂತ ಕೈ ಹಿಂದಕ್ಕೆ ತೆಗೆದುಕೊಳ್ಳಬೇಡಿ.

ಲಂಗರ್‌ಗೆ ಟೋಕನ್ ಇಲ್ಲ, ಹೆಸರು ಬರೆಸುವುದಿಲ್ಲ. ತಟ್ಟೆ, ಬಟ್ಟಲು, ಚಮಚ ತೆಗೆದುಕೊಂಡು ಪಂಗತ್‌ನಲ್ಲಿ, ಅಂದರೆ ನಮ್ಮ ಪಂಕ್ತಿಯಲ್ಲಿ ಕೂರಬೇಕು. ಆದರೆ ಒಂದು ವ್ಯತ್ಯಾಸ ಇದೆ. ಇಲ್ಲಿ ಬೇರೆ ಪಂಕ್ತಿ ಅಂತ ಇಲ್ಲವೇ ಇಲ್ಲ. ಖಾಲಿ ಇದ್ದ ಜಾಗದಲ್ಲಿ ಯಾರು ಬಂದರೋ ಅವರು. ನಿಮ್ಮ ಮನೆಯವರೆಲ್ಲ ಒಟ್ಟಿಗೆ ಕೂರಬೇಕು ಅಂತ ಸಾಲು ತಪ್ಪಿಸಿ ಹೋಗಬೇಡಿ. ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ, ಕೈಗೆ ಕೊಡುತ್ತಾರೆ, ಅದಕ್ಕೂ ಎರಡೂ ಕೈ ಚಾಚಬೇಕು. ದಾಲ್, ಪಲ್ಯ, ಖೀರು ಇರುತ್ತದೆ, ಎಲ್ಲ ಸಸ್ಯಾಹಾರ. ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಿ, ಬಿಡಬೇಡಿ.

ಉಂಡು ಕೈ ತೊಳೆದು ಹೊರಟುಬಿಡಬೇಡಿ, ಇದು ನನ್ನ ಕೋರಿಕೆ. ಒಂದು ಅರ್ಧ ಗಂಟೆ ಸೇವೆಗೆ ಕೊಡಿ. ರೊಟ್ಟಿ ಲಟ್ಟಿಸುವ ಕಡೆ, ಬೆಳ್ಳುಳ್ಳಿ ಬಿಡಿಸುವ ಕಡೆ, ತಟ್ಟೆ ತೊಳೆಯುವ ಕಡೆ, ಎಲ್ಲಿ ಹೋಗಿ ನಿಂತರೂ ಜಾಗ ಮಾಡಿಕೊಡುತ್ತಾರೆ. ತಟ್ಟೆ ತೊಳೆಯುವ ಉದ್ದ ತೊಟ್ಟಿಯ ಮುಂದೆ ನಿಂತರೆ ಎಡಗಡೆಯವರು ಯಾರು, ಬಲಗಡೆಯವರು ಯಾರು ಅಂತ ಗೊತ್ತಾಗುವುದಿಲ್ಲ. ಒಬ್ಬರು ಉಜ್ಜಿದ್ದನ್ನು ಇನ್ನೊಬ್ಬರು ತೊಳೆಯುತ್ತಾರೆ, ಸ್ಟೀಲಿನ ಸದ್ದಿನಲ್ಲಿ ಮಾತೂ ಕೇಳಿಸುವುದಿಲ್ಲ. 'ಏಕು ಪಿತಾ ಏಕಸ ಕೇ ಹಮ ಬಾರಿಕ', ಒಬ್ಬನೇ ತಂದೆ, ನಾವೆಲ್ಲ ಅವನೊಬ್ಬನ ಮಕ್ಕಳು ಅಂತ ಗುರು ಅರ್ಜನರು ಬರೆದ ಸಾಲು 611ನೇ ಅಂಗ್‌ನಲ್ಲಿದೆ. ಅದರ ಮೇಲೆ ಪ್ರವಚನ ಕೇಳುವುದಕ್ಕಿಂತ ಈ ತೊಟ್ಟಿಯ ಮುಂದೆ ಅದು ಬೇಗ ತಲೆಗೆ ಹತ್ತುತ್ತದೆ.

ರಾತ್ರಿ ಆ ಊರಲ್ಲೇ ಇದ್ದರೆ ಸುಖಾಸನಕ್ಕೆ ಹೋಗಿ. ಗ್ರಂಥವನ್ನು ಮುಚ್ಚಿ, ಪಲ್ಲಕ್ಕಿಯಲ್ಲಿ ಅದೇ ಆವರಣದ ಅಕಾಲ್ ತಖ್ತ್ ಅನ್ನುವ ಕಟ್ಟಡಕ್ಕೆ ಕರೆದೊಯ್ದು ಮಲಗಿಸುತ್ತಾರೆ. ಬೆಳಗಿನ ಜಾವ ಮತ್ತೆ ಕರೆತಂದು ತೆರೆಯುವುದೇ ಪ್ರಕಾಶ್. ಸಮಯ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ವಿಚಾರಿಸಿಕೊಳ್ಳಿ.

ಅಮೃತಸರ ದೂರವಾದರೆ

ಬೀದರ್ ಇದೆಯಲ್ಲ! ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದಿದ್ದರು, ಸಿಹಿನೀರಿಗೆ ಪರದಾಡುತ್ತಿದ್ದ ಜನರಿಗಾಗಿ ಬಂಡೆ ಸರಿಸಿ ಚಿಲುಮೆ ಹರಿಸಿದರು ಎಂದು ಅಲ್ಲಿನ ನಂಬಿಕೆ. ಆ ನೀರು ಗುರುದ್ವಾರಾ ನಾನಕ್ ಝೀರಾ ಸಾಹಿಬ್‌ನಲ್ಲಿ ಈಗಲೂ ಹರಿಯುತ್ತಿದೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ಅವರು ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ, ಅಂದರೆ ಮೊದಲ ಪಂಜ್ ಪ್ಯಾರೆಗಳಲ್ಲಿ, ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಮನೆತನದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಇದು ನಮ್ಮ ಊರಿನ ಕಥೆಯೂ ಹೌದು, ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ಕಥೆ. ಅದೇ ಜಿಲ್ಲೆಯ ಬಸವಕಲ್ಯಾಣವನ್ನೂ ಸೇರಿಸಿ ಎರಡು ದಿನದ ಪ್ರವಾಸ ಹಾಕಿಕೊಂಡರೆ ಮನಸ್ಸಿಗೆ ಸಿಗುವುದು ತುಂಬಾ ಇದೆ.

ಬೆಂಗಳೂರಿನವರಿಗೆ ಹಲಸೂರು ಕೆರೆ ಪಕ್ಕದ ಗುರುದ್ವಾರ ಇದೆ. ಗ್ರಂಥಕ್ಕೆ ಗುರುಪಟ್ಟ ಸಿಕ್ಕ ದಿನವನ್ನು ನೋಡಬೇಕೆಂದರೆ ದೀಪಾವಳಿಯ ಆಸುಪಾಸಿನಲ್ಲಿ ನಾಂದೇಡಿಗೆ ಹೋಗಿ, ಕಲ್ಯಾಣ ಕರ್ನಾಟಕದವರಿಗೆ ಅದು ಅಮೃತಸರಕ್ಕಿಂತ ಎಷ್ಟೋ ಹತ್ತಿರ.

ಮನೆಗೆ ಬಂದ ಮೇಲೆ

ಗ್ರಂಥದ ಆರಂಭದಲ್ಲೇ ಬರುವ ಜಪ್‌ಜೀ ಸಾಹಿಬ್ ಅನ್ನುವ ರಚನೆಯಿಂದ ಓದಲು ಶುರು ಮಾಡಿ. ಮೂಲ ಮಂತ್ರ ಆದ ಮೇಲೆ 38 ಪೌಡಿಗಳಿವೆ, ಪೌಡಿ ಅಂದರೆ ಮೆಟ್ಟಿಲು. ದಿನಕ್ಕೊಂದು ಅಂತ ಇಟ್ಟುಕೊಂಡರೆ ಆತುರವಿಲ್ಲದೆ ಮುಗಿಯುತ್ತದೆ. ಸ್ವರ್ಣಮಂದಿರದ ಆ ದಿನದ ಹುಕಮ್‌ನಾಮಾ ಪ್ರತಿದಿನ ಅಂತರ್ಜಾಲದಲ್ಲಿ ಅರ್ಥದ ಸಮೇತ ಸಿಗುತ್ತದೆ, ಅದನ್ನು ಬೆಳಗ್ಗೆ ಓದುವ ಅಭ್ಯಾಸ ಒಳ್ಳೆಯದು. ಆದರೆ ಗ್ರಂಥದ ಪೂರ್ತಿ ಪ್ರತಿಯನ್ನು ಮನೆಗೆ ತರುವ ಯೋಚನೆ ಮಾಡಬೇಡಿ. ಅದಕ್ಕೆ ಬೇರೆ ಕೋಣೆ, ದಿನವೂ ಪ್ರಕಾಶ್, ರಾತ್ರಿ ಸುಖಾಸನ, ಇಷ್ಟೆಲ್ಲ ನಡೆಸಬೇಕು. ದಿನದ ಪ್ರಾರ್ಥನೆಗಳಿರುವ ಗುಟ್ಕಾ ಅನ್ನುವ ಚಿಕ್ಕ ಪುಸ್ತಕ ಗುರುದ್ವಾರದ ಅಂಗಡಿಯಲ್ಲಿ ಸಿಗುತ್ತದೆ, ದೇವನಾಗರಿ ಅಕ್ಷರದಲ್ಲೂ ಬರುತ್ತದೆ. ಕೈ ತೊಳೆದು, ತಲೆಗೆ ಬಟ್ಟೆ ಹಾಕಿಕೊಂಡು ಓದಿ, ಓದಿದ ಮೇಲೆ ಶುದ್ಧ ಬಟ್ಟೆಯಲ್ಲಿ ಸುತ್ತಿ ಎತ್ತರದ ಜಾಗದಲ್ಲಿಡಿ.